ಕಾಂಕ್ರೀಟ್ ಮುಚ್ಚುವ ಮೊದಲು ಪರ್ಮಿಟ್ ತಗೊಳ್ಳಿ: ನಮ್ಮ ಬೇಸ್‌ಮೆಂಟ್ ಬಾತ್‌ರೂಮಿನಲ್ಲಿ ಆದದ್ದು

ಅಮೆರಿಕದಲ್ಲಿ ಮನೆ ತಗೊಂಡು, ಊರಿಂದ ಅಪ್ಪ ಅಮ್ಮ ಬರ್ತಾರೆ ಅಂತ ಬೇಸ್‌ಮೆಂಟಿನಲ್ಲಿ ಒಂದು ರೂಮು, ಬಾತ್‌ರೂಮು ಮಾಡಿಸಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾವಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ಒಂದು ಊರಿನಲ್ಲಿ. ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ನಮ್ಮ ಮನೆ ಕಟ್ಟಿದ ಬಿಲ್ಡರ್ ಬೇಸ್‌ಮೆಂಟಿನ ಒಂದು ಮೂಲೆಯಲ್ಲಿ ಮುಂದೆ ಬೇಕಾದೀತು ಅಂತ ಮೂರು ಪೈಪ್ ಬಿಟ್ಟಿದ್ದರು. ಕಮೋಡಿಗೆ ಒಂದು, ಶವರ್‌ಗೆ ಒಂದು, ಸಿಂಕಿಗೆ ಒಂದು. ಇದಕ್ಕೆ ಇಲ್ಲಿ ರಫ್-ಇನ್ ಅಂತಾರೆ. ಅದರ ವೆಂಟ್ ಪೈಪ್, ಅಂದರೆ ಗಾಳಿ ಕೊಡುವ ಪೈಪ್ ಕೂಡ, ಮೇಲೆ ಸೂರಿನ ತೊಲೆಗಳ ನಡುವೆ ಮುಚ್ಚಳ ಹಾಕಿಕೊಂಡು ಕಾಯುತ್ತಿತ್ತು. ಅಲ್ಲೇ ಬಾತ್‌ರೂಮು ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಅಮ್ಮನ ದೇವರ ಗೂಡಿಗೆ ನಾವು ಆರಿಸಿದ ಗೋಡೆ ಆ ಮೂಲೆಯ ಬೆನ್ನಿಗೇ ಬರುತ್ತಿತ್ತು. ದೇವರ ಗೋಡೆಗೆ ಕಕ್ಕಸು ಆನಿಸುವುದು ಬೇಡ ಅಂತ ಟಾಯ್ಲೆಟ್ಟನ್ನು 14 ಅಡಿ ದೂರ ಸರಿಸಿ ಪ್ಲಾನ್ ಬರೆದೆ. ಕಾಗದದ ಮೇಲೆ ಸರಿಸುವುದು ಸುಲಭ. ನೆಲದಡಿಯ ಪೈಪೂ ಜೊತೆಗೆ ಸರಿಯಬೇಕು ಅನ್ನುವುದನ್ನು ನಾನು ಯೋಚಿಸಲೇ ಇಲ್ಲ.

ಕೆಲಸಕ್ಕೆ ಸಿಕ್ಕಿದವರು ಪರಿಚಯದವರ ಮೂಲಕ ಬಂದ ಒಬ್ಬ ಕಾಂಟ್ರಾಕ್ಟರ್. ಪರ್ಮಿಟ್, ಅಂದರೆ ಸಿಟಿಯ ಅನುಮತಿ, ಅದರ ವಿಷಯ ಕೇಳಿದೆ. "ನಿಮ್ಮ ಮನೆಯ ಒಳಗಿನ ಕೆಲಸ ತಾನೆ, ಸುಮ್ನೆ ಯಾಕೆ? ಸಿಟಿಗೆ ಹೋದರೆ ಎರಡು ತಿಂಗಳು ತಡ, ಮೇಲೆ ಟ್ಯಾಕ್ಸ್ ಬೇರೆ ಏರುತ್ತೆ" ಅಂದರು. ಅಪ್ಪ ಅಮ್ಮನ ಟಿಕೆಟ್ ಆಗಲೇ ಬುಕ್ ಆಗಿತ್ತು. ಆ ಮಾತನ್ನು ನಂಬಿಬಿಟ್ಟೆ.

ಕಾಂಕ್ರೀಟ್ ಕತ್ತರಿಸಿ ಪೈಪ್ ಹಾಸಿದ ದಿನ ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ತೋರಿಸಿದೆ. ಅಪ್ಪ ಹಾಸನದಲ್ಲಿ ಮನೆ ಕಟ್ಟಿಸುವಾಗ ದಿನವೂ ಗಾರೆಯವರ ಜೊತೆ ನಿಂತವರು. ನೋಡಿದ ಕೂಡಲೇ "ಮಟ್ಟಸವಾಗಿದೆಯಲ್ಲೋ, ವಾಟ ಎಲ್ಲಿದೆ?" ಅಂದರು. ವಾಟ ಅಂದರೆ ನೀರು ಹರಿಯಲು ಬೇಕಾದ ಇಳಿಜಾರು. ಇಲ್ಲಿಯವರಿಗೆ ಗೊತ್ತಿರುತ್ತೆ ಬಿಡಿ ಅಪ್ಪಾ ಅಂದೆ. ಆಗ ಒಂದು ಸ್ಪಿರಿಟ್ ಲೆವೆಲ್ ಇಟ್ಟು ನೋಡಿದ್ದರೆ ಸಾಕಿತ್ತು. ಮಾರನೇ ದಿನ ಕಾಂಕ್ರೀಟ್ ಬಿತ್ತು.

ಅಪ್ಪ ಅಮ್ಮ ಬಂದು ಹತ್ತು ದಿನ ಆಗಿರಬಹುದು. ಕೆಳಗೆ ಹೋದಾಗೆಲ್ಲ ಊದುಬತ್ತಿ ಹಚ್ಚಿರುತ್ತಿತ್ತು. ಪೂಜೆಗೆ ಅಂದುಕೊಂಡಿದ್ದೆ. ಆಮೇಲೆ ಅಮ್ಮ ಮೆಲ್ಲಗೆ ಹೇಳಿದರು, "ರಾತ್ರಿ ಹೊತ್ತು ಕೊಳೆತ ಮೊಟ್ಟೆ ವಾಸನೆ ಬರುತ್ತೆ ಕಣಪ್ಪ, ಹೊಸ ಪೇಂಟ್ ಇರಬೇಕು ಅಂತ ಸುಮ್ಮನಿದ್ದೆ." ಮೇಲಿನ ಮಹಡಿಯಲ್ಲಿ ಫ್ಲಶ್ ಮಾಡಿಸಿ ಶವರ್ ಹತ್ತಿರ ಕೂತು ಕೇಳಿದೆ. ಜಾಲರಿಯಿಂದ ಗುಳುಗುಳು ಸದ್ದು. ಟಾರ್ಚ್ ಬಿಟ್ಟರೆ ಒಳಗೆ ನೀರೇ ಕಾಣಲಿಲ್ಲ.

ಆಮೇಲೆ ಕರೆಸಿದ ಲೈಸೆನ್ಸ್ ಇರುವ ಪ್ಲಂಬರ್ ಕಾರಣ ಬಿಡಿಸಿ ಹೇಳಿದರು. ಪ್ರತಿ ಡ್ರೈನಿನ ಕೆಳಗೆ ಬಾಗಿದ ಪೈಪ್ ಒಂದಿರುತ್ತೆ, ಅದೇ ಟ್ರ್ಯಾಪ್. ಅದರಲ್ಲಿ ಕನಿಷ್ಠ 2 ಇಂಚು ನೀರು ಸದಾ ನಿಂತಿರಬೇಕು. ಚರಂಡಿಯ ಗಾಳಿ ಮನೆಯೊಳಗೆ ಬರದಂತೆ ತಡೆಯುವುದು ಆ ನೀರೇ. ದೊಡ್ಡ ಪೈಪಿನಲ್ಲಿ ನೀರು ರಭಸವಾಗಿ ಇಳಿಯುವಾಗ ಹಿಂದಿನಿಂದ ಗಾಳಿ ಬೇಕು. ಆ ಗಾಳಿ ಕೊಡುವುದು ವೆಂಟ್. ನಮ್ಮ ಹೊಸ ಲೈನಿಗೆ ವೆಂಟೇ ಇರಲಿಲ್ಲ. ಹಾಗಾಗಿ ಅದು ಶವರ್ ಟ್ರ್ಯಾಪಿನ ನೀರನ್ನೇ ಹೀರಿಕೊಳ್ಳುತ್ತಿತ್ತು. ಒಳಗೆ ಬರುತ್ತಿದ್ದದ್ದು ಸ್ಯೂಯರ್ ಗ್ಯಾಸ್. ಹೈಡ್ರೋಜನ್ ಸಲ್ಫೈಡ್, ಮೀಥೇನ್ ಎಲ್ಲ ಇರುವ ಗಾಳಿ ಅದು. ವಯಸ್ಸಾದವರು ಅದರಲ್ಲೇ ಹತ್ತು ರಾತ್ರಿ ಮಲಗಿದ್ದರು. ಇದನ್ನು ಬರೆಯುವಾಗ ಈಗಲೂ ಸಂಕಟ ಆಗುತ್ತೆ.

ಪೈಪಿನೊಳಗೆ ಕ್ಯಾಮೆರಾ ಬಿಟ್ಟು ತೋರಿಸಿದರು. ಅರ್ಧ ದಾರಿಯಲ್ಲಿ ಪೈಪ್ ಕುಸಿದು ನೀರು ನಿಂತಿದೆ, ಕಾಗದ ಸಿಕ್ಕಿಕೊಂಡಿದೆ. 3 ಇಂಚಿನ ಪೈಪಿಗೆ ಅಡಿಗೆ ಕನಿಷ್ಠ 1/8 ಇಂಚು ವಾಟ ಬೇಕು. ಅಂದರೆ ನಮ್ಮ 14 ಅಡಿಗೆ ಒಂದೂಮುಕ್ಕಾಲು ಇಂಚು ಇಳಿಯಬೇಕಿತ್ತು. ಶವರಿನ 2 ಇಂಚು ಪೈಪಿಗೆ ಇನ್ನೂ ಜಾಸ್ತಿ, ಅಡಿಗೆ 1/4 ಇಂಚು. ಅಪ್ಪ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಪರ್ಮಿಟ್ ಇಲ್ಲದೆ ಇದನ್ನು ಮುಟ್ಟುವುದಿಲ್ಲ ಅಂದರು ಪ್ಲಂಬರ್. ಸರಿ, ಸಿಟಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಕಟ್ಟಡಕ್ಕೆ, ಪ್ಲಂಬಿಂಗಿಗೆ, ಕರೆಂಟಿಗೆ ಬೇರೆ ಬೇರೆ ಪರ್ಮಿಟ್. ಇನ್ಸ್‌ಪೆಕ್ಟರ್ ಮರ್ಯಾದೆಯಿಂದಲೇ ಮಾತಾಡಿದರು, ಆದರೆ ನೋಡದ ಪೈಪಿಗೆ ಸಹಿ ಹಾಕಲ್ಲ ಅಂದರು. ಹೊಸ ಟೈಲ್ಸ್, ಹೊಸ ಕಾಂಕ್ರೀಟ್ ಎರಡನ್ನೂ ಒಡೆಯಬೇಕಾಯಿತು. ಕ್ರಮದಲ್ಲಿ ಮಾಡಿದ್ದರೆ ಅವರು ಮೂರು ಸಲ ಬರುತ್ತಿದ್ದರು: ನೆಲದ ಪೈಪ್ ಮುಚ್ಚುವ ಮೊದಲು, ಗೋಡೆಗೆ ಡ್ರೈವಾಲ್ ಹಲಗೆ ಹೊಡೆಯುವ ಮೊದಲು, ಕೆಲಸ ಮುಗಿದ ಮೇಲೆ. ಮೊದಲ ಭೇಟಿಯಲ್ಲೇ ನಮ್ಮ ತಪ್ಪು ಸಿಕ್ಕಿಬಿಡುತ್ತಿತ್ತು.

ಅಷ್ಟಕ್ಕೇ ನಿಲ್ಲಲಿಲ್ಲ. ಕಮೋಡಿನ ನಡುಮಧ್ಯದಿಂದ ಪಕ್ಕದ ಗೋಡೆಗೆ 15 ಇಂಚು ಇರಬೇಕು, ನಮ್ಮದು 13. ಕಮೋಡಿನ ಮುಂದೆ 21 ಇಂಚು ಖಾಲಿ ಜಾಗ ಬೇಕು, ಅದೊಂದು ಹೇಗೋ ಇತ್ತು. ದೊಡ್ಡ ಪೆಟ್ಟು ಕಿಟಕಿಯದ್ದು. ಮಲಗುವ ಕೋಣೆ ಅಂದರೆ ಬೆಂಕಿ ಬಿದ್ದಾಗ ಹೊರಗೆ ಹೋಗುವಷ್ಟು ಕಿಟಕಿ ಇರಲೇಬೇಕು. ತೆರೆದಾಗ 20 ಇಂಚು ಅಗಲ, 24 ಇಂಚು ಎತ್ತರಕ್ಕಿಂತ ಕಡಿಮೆ ಇರಬಾರದು. ಅಷ್ಟಿದ್ದರೂ ಸಾಲದು, ಒಟ್ಟು ತೆರೆದ ಜಾಗ 5.7 ಚದರ ಅಡಿ ಕೇಳುತ್ತಾರೆ, ನೆಲಮಟ್ಟದ ಕಿಟಕಿಯಾದರೆ 5. ಕಿಟಕಿಯ ಕೆಳಅಂಚು ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ನಮ್ಮದು ಸೂರಿನ ಹತ್ತಿರದ ಒಂದು ಚಿಕ್ಕ ಗಾಜು. ಮಂಡಿನೋವಿನ ಅಮ್ಮ ಅದರಿಂದ ಹೇಗೆ ಹತ್ತಿ ಹೋಗುತ್ತಿದ್ದರು? ಪಾಯದ ಗೋಡೆ ಕತ್ತರಿಸಿ ಹೊಸ ಕಿಟಕಿ ಇಡಿಸಿದೆವು.

ನೀವು ಪ್ಲಾನ್ ಬರೆಯುವ ಮೊದಲು ಮನೆಯ ಮುಖ್ಯ ಚರಂಡಿ ಪೈಪ್ ಎಲ್ಲಿಂದ ಹೊರಗೆ ಹೋಗುತ್ತೆ ನೋಡಿ. ಎಷ್ಟೋ ಮನೆಗಳಲ್ಲಿ ಅದು ಬೇಸ್‌ಮೆಂಟ್ ನೆಲಕ್ಕಿಂತ ಮೇಲೆ, ಗೋಡೆಯಿಂದ ಹೋಗುತ್ತೆ. ಹಾಗಿದ್ದರೆ ಕೊಳೆ ನೀರನ್ನು ಮೇಲೆತ್ತಲು ಇಜೆಕ್ಟರ್ ಪಂಪ್, ಮುಚ್ಚಿದ ಗುಂಡಿ, ಅದಕ್ಕೆ ವೆಂಟ್ ಎಲ್ಲ ಬೇಕು. ಖರ್ಚಿನ ಲೆಕ್ಕವೇ ಬದಲಾಗುತ್ತೆ. ಚರಂಡಿ ನೀರು ಹಿಂದಕ್ಕೆ ಮನೆಯೊಳಗೆ ನುಗ್ಗದಂತೆ ತಡೆಯುವ ಬ್ಯಾಕ್‌ವಾಟರ್ ವಾಲ್ವ್ ಬಗ್ಗೆಯೂ ಕೇಳಿ. 2021ರ ಜೂನ್ ಕೊನೆಯ ಮಳೆಗೆ ಡೆಟ್ರಾಯಿಟ್ ಸುತ್ತ ಎಷ್ಟು ಬೇಸ್‌ಮೆಂಟುಗಳಿಗೆ ಕೊಳೆ ನೀರು ನುಗ್ಗಿತ್ತು, ಇಲ್ಲಿದ್ದವರಿಗೆ ನೆನಪಿದೆ ಅಲ್ವಾ? ಮಾಮೂಲಿ ಮನೆ ಇನ್ಶೂರೆನ್ಸಿನಲ್ಲಿ ಚರಂಡಿ ಹಿಮ್ಮುಖವಾಗಿ ಬಂದದ್ದಕ್ಕೆ ಸಾಮಾನ್ಯವಾಗಿ ದುಡ್ಡು ಸಿಗಲ್ಲ. ಅದನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಅಳತೆಗಳು ಊರಿಂದ ಊರಿಗೆ ಸ್ವಲ್ಪ ಬದಲಾಗುತ್ತವೆ, ನಿಮ್ಮ ಸಿಟಿಯವರನ್ನೇ ಕೇಳಿ. ಪ್ಲಂಬರ್ ಲೈಸೆನ್ಸನ್ನು ರಾಜ್ಯದ ವೆಬ್‌ಸೈಟಿನಲ್ಲಿ ನೀವೇ ಹುಡುಕಿ ನೋಡಿ. ಮಿಷಿಗನ್‌ನಲ್ಲಿ ಅದು ಲೈಸೆನ್ಸ್ ನೋಡಿಕೊಳ್ಳುವ ಲಾರಾ (LARA) ಇಲಾಖೆಯದ್ದು.

ಕೊನೆಗೆ ಬಾತ್‌ರೂಮು ಬಿಲ್ಡರ್ ಬಿಟ್ಟಿದ್ದ ಮೂಲೆಗೇ ವಾಪಸ್ ಬಂತು. ಶವರಿನ ಪೈಪ್ ಜೋಡಿಸಿದ ದಿನ ಅಪ್ಪ ಮಂಡಿಯೂರಿ ತಾವೇ ಲೆವೆಲ್ ಇಟ್ಟು ನೋಡಿದರು. ಇನ್ಸ್‌ಪೆಕ್ಟರ್ ಬಂದವರೂ ಅಲ್ಲೇ ಲೆವೆಲ್ ಇಟ್ಟರು, ಆಮೇಲೆ ಸಹಿ ಹಾಕಿದರು. ಅಪ್ಪ ಅಮ್ಮ ಊರಿಗೆ ಹೊರಡಲು ಇನ್ನು ಐದು ವಾರ ಉಳಿದಿತ್ತು. ದೇವರ ಗೂಡನ್ನು ಬಿಚ್ಚಿ ಎದುರಿನ ಗೋಡೆಗೆ ಹಾಕಿದೆವು. ಅದಕ್ಕೆ ಬೇಕಾದದ್ದು ನಾಲ್ಕು ಸ್ಕ್ರೂ, ಅರ್ಧ ಗಂಟೆ. ಜಾಗ ತೋರಿಸಿದ್ದು ಅಮ್ಮನೇ.