ಕುತ್ತಿಗೆಯ ನಟಿಕೆ ತೆಗೆಯುವವರಿಂದ ದೂರವಿರಿ

ಬಾಗಲಕೋಟೆಯಲ್ಲಿ ಕುತ್ತಿಗೆ ನೋವಿಗೆ ಚಿಕಿತ್ಸೆ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ನನ್ನ ಅಕ್ಕ ಪಟ್ಟ ಪಾಡು ಇನ್ನೊಬ್ಬರಿಗೆ ಬರಬಾರದು.

ಅಕ್ಕ ಮನೆಯಲ್ಲೇ ಖಣದ ಕುಪ್ಪಸ ಹೊಲಿಯುತ್ತಾಳೆ. ದಿನವಿಡೀ ಮಷೀನಿನ ಮೇಲೆ ಬಾಗಿ ತಲೆ ಹೆಗಲಿಗಿಂತ ಮುಂದಕ್ಕೆ ಚಾಚಿಕೊಂಡಿತ್ತು, ಕತ್ತಿನ ಬುಡದಲ್ಲಿ ಸದಾ ಬಿಗಿತ. ನವನಗರದ ಒಂದು ಥೆರಪಿ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಅಲ್ಲಿಯವನು ಅವಳನ್ನು ಗೋಡೆಯ ಬಳಿ ನಿಲ್ಲಿಸಿ, ಪಕ್ಕದಿಂದ ಫೋಟೋ ತೆಗೆದು, ಮೊಬೈಲಿನಲ್ಲೇ ಕಿವಿಯಿಂದ ಹೆಗಲಿಗೆ ಕೆಂಪು ಗೆರೆ ಎಳೆದ. "ನೋಡಿ ಅಕ್ಕಾರೇ, ಮೂಳೆ ಜಾರಿದೆ. ಹೀಗೇ ಬಿಟ್ಟರೆ ಕೈ ಸ್ವಾಧೀನ ತಪ್ಪುತ್ತದೆ" ಎಂದ. 12,000 ರೂಪಾಯಿ ಮುಂಗಡ ಕಟ್ಟಿಸಿಕೊಂಡ. ತಲೆಸುತ್ತು ಇದೆಯೇ, ಕೈ ಜೋಮು ಹಿಡಿಯುತ್ತದೆಯೇ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೀರಾ, ಒಂದನ್ನೂ ಕೇಳಲಿಲ್ಲ.

ಗೋಡೆಯ ಮೇಲೆ, ಕುತ್ತಿಗೆ 60 ಡಿಗ್ರಿ ಬಾಗಿದರೆ 27 ಕೆಜಿ ಭಾರ ಬೀಳುತ್ತದೆ ಎನ್ನುವ ಚಿತ್ರವಿತ್ತು. 2014ರಲ್ಲಿ ಪ್ರಕಟವಾದ ಆ ಅಂಕಿ ಕಂಪ್ಯೂಟರ್ ಮಾದರಿಯ ಲೆಕ್ಕ, ಜೀವಂತ ಮನುಷ್ಯರ ಕತ್ತಿನಲ್ಲಿ ಅಳೆದದ್ದಲ್ಲ. ಹೆದರಿಸಲು ಮಾತ್ರ ಚೆನ್ನಾಗಿ ಒದಗುತ್ತದೆ.

ಮಂಚದ ಮೇಲೆ ಮಲಗಿಸಿ, ಒಂದು ಕೈ ಗದ್ದಕ್ಕೆ, ಇನ್ನೊಂದು ಹಿಂದಲೆಗೆ ಕೊಟ್ಟು, ಹೇಳದೆ ಕೇಳದೆ ತಿರುಚಿಬಿಟ್ಟ. ಲಟಕ್ ಎಂದದ್ದು ಬಾಗಿಲ ಬಳಿ ನಿಂತಿದ್ದ ನನಗೂ ಕೇಳಿಸಿತು. ಎದ್ದು ಕುಳಿತ ಅಕ್ಕ ನನ್ನ ತೋಳು ಹಿಡಿದುಕೊಂಡು ಅಲ್ಲೇ ವಾಂತಿ ಮಾಡಿಕೊಂಡಳು. "ಮೊದಲ ಸಲ ಎಲ್ಲರಿಗೂ ಹೀಗೆಯೇ" ಎಂದ ಆ ಮನುಷ್ಯ. ನಾನು ಆಟೋ ಹಿಡಿದು ನೇರ ಆಸ್ಪತ್ರೆಗೆ ಕರೆದೊಯ್ದೆ.

ಕುತ್ತಿಗೆಯ ಎಲುಬುಗಳ ಪಕ್ಕದ ರಂಧ್ರಗಳೊಳಗಿನಿಂದಲೇ ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ನಾಳಗಳು ಸಾಗುತ್ತವೆ. ರಭಸದಿಂದ ತಿರುಚಿದಾಗ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಆಗಬಹುದು. ಅಪರೂಪ, ಆದರೆ ಆದವರ ಬಾಳು ಹಾಳು. ಸ್ಕ್ಯಾನ್‌ನಲ್ಲಿ ಅಕ್ಕನ ನಾಳಗಳಿಗೆ ಏನೂ ಆಗಿರಲಿಲ್ಲ, ದೇವರು ದೊಡ್ಡವನು. ಹೆಬ್ಬೆರಳು, ತೋರುಬೆರಳಿನ ಜೋಮು ಮಾತ್ರ ಬಹಳ ದಿನ ಬಿಡಲಿಲ್ಲ. ಸೂಜಿಗೆ ದಾರ ಪೋಣಿಸಲೂ ಆಗದೆ ಅಳುತ್ತಿದ್ದಳು. ಕ್ಷೌರದಂಗಡಿಯಲ್ಲಿ ತಲೆ ಮಾಲೀಶಿನ ಕೊನೆಗೆ ಕುತ್ತಿಗೆ ಮುರಿಸಿಕೊಳ್ಳುವ ಗಂಡಸರೇ, ನಿಮಗೂ ಇದೇ ಅಪಾಯವಿದೆ.

ಜೋಮು ತಗ್ಗಿದ ಮೇಲೆ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಕಲಿಸಿದ್ದು ನೋಡಿದರೆ ಏನೂ ಅಲ್ಲ ಎನಿಸುತ್ತದೆ. ಅಂಗಾತ ಮಲಗಿ, ತಲೆ ಎತ್ತದೆ, ಹೂಂ ಎನ್ನುವಂತೆ ಗದ್ದವನ್ನು ತುಸುವೇ ಒಳಗೆಳೆದು 10 ಸೆಕೆಂಡ್ ಹಿಡಿಯುವುದು. ಕತ್ತಿನ ಮುಂಭಾಗದ ಆಳದ ಸ್ನಾಯುಗಳಿಗೆ ಬಲ ಬರುವುದು ಇದರಿಂದ. ಜೊತೆಗೆ ಹೆಗಲ ಹಲಗೆಗಳನ್ನು ಹಿಂದಕ್ಕೆ ಸೇರಿಸುವ ವ್ಯಾಯಾಮ. ಆಗಾಗ ಎದ್ದು ಓಡಾಡುವುದು. ನಿಧಾನವಾಗಿ, ವಾರಗಳು ಕಳೆದಂತೆ ನೋವು ಇಳಿಯಿತು. ಈಗ ಹಿಂದೆ ತಿರುಗಿ ನೋಡಲು ಅವಳಿಗೆ ಕಷ್ಟವಿಲ್ಲ. ತಲೆ ಇನ್ನೂ ತುಸು ಮುಂದಕ್ಕೇ ಇದೆ. ಹಾಗಿದ್ದೂ ನೋವೇ ಇಲ್ಲದವರು ಎಷ್ಟೋ ಜನ, ಕುತ್ತಿಗೆ ಸಲೀಸಾಗಿ ಕೆಲಸ ಮಾಡಬೇಕು ಅಷ್ಟೇ ಎಂದರು ಆ ಫಿಸಿಯೋಥೆರಪಿಸ್ಟ್.

ಯಾರ ಬಳಿ ಹೋದರೂ ಫಿಸಿಯೋಥೆರಪಿ ಪದವಿ ಇದೆಯೇ ಎಂದು ಕೇಳಿ. ಫೋಟೋ ಒಂದನ್ನೇ ನೋಡಿ ಮೂಳೆ ಜಾರಿದೆ ಎನ್ನುವವರಿಗೆ ದುಡ್ಡು ಕಟ್ಟಬೇಡಿ. ಈಗಾಗಲೇ ಯಾರಾದರೂ ಕುತ್ತಿಗೆ ತಿರುಚಿದ್ದು, ಹಿಂದೆಂದೂ ಇಲ್ಲದಂಥ ನೋವು, ಎರಡೆರಡು ಕಾಣುವುದು, ಮಾತು ತೊದಲುವುದು, ನಡೆಯುವಾಗ ವಾಲುವುದು ಶುರುವಾದರೆ, ಅದು ಕೆಲವು ದಿನಗಳ ನಂತರವೇ ಆಗಿರಲಿ, ಕೂಡಲೇ 108ಕ್ಕೆ ಕರೆ ಮಾಡಿ. ಕುತ್ತಿಗೆ ತಿರುಚಿಸಿಕೊಂಡ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿ.