ಹಂವಿ ಮೇಲೆ ಮೈಲ್ಸ್ ಲೇಸರ್ ಸೆಟ್: ಆರು ವರ್ಷ ಕಟ್ಟಿ ಬಿಚ್ಚಿದ ಮೇಲೆ

ಅಮೆರಿಕದ ಸೇನೆಯಲ್ಲಿ ಆರು ವರ್ಷ ಹಂವಿ, ಅಂದರೆ ಸೇನೆಯ ದೊಡ್ಡ ಜೀಪು, ಓಡಿಸಿದೆ. ತರಬೇತಿಗೆ ಹೊರಡುವಾಗ ಗಾಡಿಗೆ ಮೈಲ್ಸ್ (ನಿಜ ಗುಂಡಿನ ಬದಲು ಲೇಸರ್‌ನಲ್ಲಿ ಯುದ್ಧಾಭ್ಯಾಸ ಮಾಡುವ ಸಲಕರಣೆ) ಕಟ್ಟುವುದು, ಮುಗಿದ ಮೇಲೆ ಬಿಚ್ಚುವುದು ಎರಡೂ ನನ್ನ ಪಾಲಿನ ಕೆಲಸ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆದರೆ ಸರಿಯಾಗಿ ಜೋಡಿಸಿದರೆ ಮಾತ್ರ.

ನೋಡದವರಿಗೆ ಎರಡು ಮಾತು. ಬಂದೂಕಿನ ನಳಿಕೆ ಮೇಲೆ ಒಂದು ಟ್ರಾನ್ಸ್‌ಮಿಟರ್ ಇರುತ್ತದೆ. ಗುಂಡಿಲ್ಲದ ತೋಟಾ ಸಿಡಿದ ತಕ್ಷಣ ಅದರಿಂದ ಕಣ್ಣಿಗೆ ಕಾಣದ ಲೇಸರ್ ಹೊರಡುತ್ತದೆ. ಎದುರು ಗಾಡಿಯ ಸುತ್ತ ಕಟ್ಟಿದ ಬೆಲ್ಟಿನಲ್ಲಿರುವ ಡಿಟೆಕ್ಟರ್ ಅದನ್ನು ಹಿಡಿಯುತ್ತದೆ. ಯಾವ ಆಯುಧ ಅನ್ನುವ ಕೋಡ್ ಕಿರಣದಲ್ಲೇ ಇರುತ್ತದೆ, ಹಾಗಾಗಿ ರೈಫಲ್ ಏಟಿಗೆ ಟ್ಯಾಂಕ್ ಸಾಯುವುದಿಲ್ಲ. ಏಟು ಹತ್ತಿರದಲ್ಲಿ ಹಾದು ಹೋದರೆ ಗಾಡಿ ಮೇಲಿನ ಹಳದಿ ದೀಪ ಒಂದೆರಡು ಸಲ ಮಿನುಗುತ್ತದೆ. ಸತ್ತರೆ ನಿಲ್ಲದೆ ಮಿನುಗುತ್ತದೆ, ನಮ್ಮ ಲೇಸರ್ ಕೂಡ ಬಂದ್. 1980ರ ದಶಕದಿಂದ ಸೇನೆಯಲ್ಲಿರುವ ಪದ್ಧತಿ ಇದು, ಈಗಲೂ ಗಟ್ಟಿ.

ಕಷ್ಟ ಇರುವುದು ಕಟ್ಟುವುದರಲ್ಲಿ. ಬೆಲ್ಟ್ ನಿಲ್ಲುವುದು ವೆಲ್ಕ್ರೋ ಮೇಲೆ, ವೆಲ್ಕ್ರೋ ನಿಲ್ಲುವುದು ಅಂಟಿನ ಮೇಲೆ. ಧೂಳಿನ ಮೇಲೆ ಅಂಟಿಸಿದರೆ ಮಧ್ಯಾಹ್ನದ ಬಿಸಿಲಿಗೆ ಕಿತ್ತು ಬರುತ್ತದೆ. ಆಯುಧಪೂಜೆಗೆ ಅಪ್ಪ ಲಾರಿ ಒರೆಸುತ್ತಿದ್ದರಲ್ಲ, ಅಷ್ಟು ಚೆನ್ನಾಗಿ ಒರೆಸಿ, ಒಣಗಲು ಬಿಟ್ಟು ಆಮೇಲೆ ಅಂಟಿಸಬೇಕು. ಕೇಬಲ್ ಬಾಗಿಲ ಸಂದಿಯಲ್ಲಿ ಹಾದರೆ ಕೆಟ್ಟಿತು ಅಂತಲೇ ತಿಳಿಯಿರಿ. ನೂರು ಸಲ ಬಾಗಿಲು ಬಡಿದರೆ ಒಳಗಿನ ತಂತಿ ತುಂಡಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ದುಂಡು ಕನೆಕ್ಟರ್‌ಗೆ ಒಂದು ತೋಡು, ಒಂದು ಏಣು ಇರುತ್ತದೆ. ಅವೆರಡೂ ಕೂಡಿದ ಮೇಲೆಯೇ ತಿರುಗಿಸಬೇಕು. ಜೋರು ಮಾಡಿದರೆ ಪಿನ್ ಬಗ್ಗುತ್ತದೆ. ಪವರ್ ಮಾತ್ರ ಎಲ್ಲ ಆದ ಮೇಲೆ, ಕೊನೆಗೆ.

ಒಂದು ಅಭ್ಯಾಸದಲ್ಲಿ ನಾನೇ ತಪ್ಪಿದೆ. ಕತ್ತಲಲ್ಲಿ ಕೈಗವಸು ಹಾಕಿಕೊಂಡು ಎಡಗಡೆ ಬೆಲ್ಟಿನ ಕನೆಕ್ಟರ್ ಸಿಕ್ಕಿಸಿದ್ದೆ, ಪೂರ್ತಿ ಕೂತಿರಲಿಲ್ಲ. ಕನ್ಸೋಲಿನ (ಮೈಲ್ಸ್‌ನ ನಿಯಂತ್ರಣ ಪೆಟ್ಟಿಗೆಯ) ದೀಪ ಹತ್ತಿತು, ಎಲ್ಲ ಸರಿ ಅಂದುಕೊಂಡೆ. ಆ ದೀಪ ಹೇಳುವುದು ಕರೆಂಟ್ ಬಂದಿದೆ ಅಂತ, ಅಷ್ಟೇ. ಅರ್ಧ ದಿನ ಎಡದಿಂದ ಬಿದ್ದ ಒಂದು ಏಟೂ ದಾಖಲಾಗಲಿಲ್ಲ. ಎದುರು ಪಡೆಯ ಒಬ್ಬ ಹುಡುಗ ಪೊದೆ ಹಿಂದಿನಿಂದ ಸರಿಯಾಗಿ ಗುರಿ ಇಟ್ಟು ಹೊಡೆದಿದ್ದ. ನಾವು ಅವನ ಮುಂದೆಯೇ ದಾಟಿ ಹೋದೆವು. ಮೋಸ ಮಾಡಿದಿರಿ ಅಂದ. ಅವನು ಗೆದ್ದಿದ್ದ, ನಾನು ಅವನ ಗೆಲುವು ಕಸಿದಿದ್ದೆ. ಇವತ್ತಿಗೂ ಬೇಜಾರಾಗುತ್ತದೆ. ನಮ್ಮವರು ಕೂಡ ಆ ತಿರುವಿನಲ್ಲಿ ಹಾಗೇ ನುಗ್ಗಬಹುದು ಅಂತ ಸುಳ್ಳು ಪಾಠ ಕಲಿತರು, ಅಲ್ವಾ?

ಅವತ್ತಿನಿಂದ ಗಾಡ್ ಗನ್ ಇಲ್ಲದೆ ಹೊರಡುವುದಿಲ್ಲ. ಅಂಪೈರ್‌ಗಳ ಕೈಯಲ್ಲಿರುವ ಕಂಟ್ರೋಲರ್ ಗನ್‌ಗೆ ನಾವು ಹಾಗನ್ನುತ್ತೇವೆ. ಮುಂದೆ, ಹಿಂದೆ, ಎಡ, ಬಲ, ನಾಲ್ಕೂ ಕಡೆಯಿಂದ ಒಂದೊಂದು ಸಲ ಹೊಡೆಸಿ ದೀಪ ನೋಡುತ್ತೇನೆ. ಹತ್ತು ನಿಮಿಷದ ಕೆಲಸ. ಬೆಲ್ಟಿನ ಮೇಲೆ ಚೀಲ, ಬಲೆ ನೇತು ಹಾಕಲು ಯಾರಿಗೂ ಬಿಡುವುದಿಲ್ಲ. ಮೆಷಿನ್ ಗನ್ನಿನ ಟ್ರಾನ್ಸ್‌ಮಿಟರ್ ಕೂಡ ಗನ್ನಿನ ಸೈಟಿಗೆ (ಗುರಿ ನೋಡುವ ಭಾಗಕ್ಕೆ) ಹೊಂದಿಸಿಯೇ ಹೊರಡಬೇಕು, ಇಲ್ಲದಿದ್ದರೆ ತೋಟಾ ಸುಮ್ನೆ ದಂಡ.

ಕ್ಯಾಲಿಫೋರ್ನಿಯಾದ ಫೋರ್ಟ್ ಅರ್ವಿನ್ ತರಬೇತಿ ಕೇಂದ್ರಕ್ಕೆ ಹೋಗುವವರು ಇನ್ನೂ ಜಾಸ್ತಿ ಜಾಗ್ರತೆ ಮಾಡಿ. ಮೊಹಾವೆ ಮರುಭೂಮಿಯ ಧೂಳು ಡಿಟೆಕ್ಟರ್ ಮೇಲೆ ಹಿಟ್ಟಿನ ಹಾಗೆ ಕೂರುತ್ತದೆ. ಅಲ್ಲಿ ಎದುರಾಳಿಯಾಗಿ ಬರುವ 11ನೇ ಆರ್ಮರ್ಡ್ ಕ್ಯಾವಲ್ರಿಯವರಿಗೆ ವರ್ಷಪೂರ್ತಿ ಇದೇ ಕೆಲಸ. ನಿಂತಾಗೆಲ್ಲ ಒಣ ಬಟ್ಟೆಯಲ್ಲಿ ಡಿಟೆಕ್ಟರ್ ಒರೆಸಿ.

ಒಂದು ಅಂಕ ಕಳೆದದ್ದು ಕನೆಕ್ಟರಿನ ಮುಚ್ಚಳಕ್ಕೆ. ಅದನ್ನು ಹಿಡಿದಿರುವ ದಾರ ಬೇಗ ಹರಿಯುತ್ತದೆ, ಮುಚ್ಚಳ ಮರಳಲ್ಲಿ ಕಳೆಯುತ್ತದೆ, ಬಾಯಿ ತುಂಬ ಧೂಳು. ನಾನು ಜೇಬಿನಲ್ಲಿ ಟೇಪು, ಒಂದು ಹಳೇ ಹಲ್ಲುಜ್ಜುವ ಬ್ರಷ್ಷು ಇಟ್ಟುಕೊಂಡಿರುತ್ತಿದ್ದೆ.