ಪಾಪು ಬರುವ ಮುಂಚೆ ವಿಮೆ ತೂಗಿದ್ದು: ಯಾವುದು ಹೊತ್ತಿಗಾಯಿತು, ಯಾವುದು ಆಗಲಿಲ್ಲ

ಹನ್ನೊಂದನೇ ವಾರದ ಸ್ಕ್ಯಾನ್ ರಿಪೋರ್ಟ್ ಎತ್ತಿಡಲು ಜಾಗ ಹುಡುಕುತ್ತ ಬೀರುವಿನ ಹಳೇ ಫೈಲ್ ತೆಗೆದಾಗ ವಿಮೆಯ ಕಾಗದಗಳು ಕೈಗೆ ಸಿಕ್ಕವು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮಾಡಿಸಿದ್ದ ಎಂಡೋಮೆಂಟ್ (ಜೀವ ವಿಮೆಯೂ ಉಳಿತಾಯವೂ ಒಂದರಲ್ಲೇ ಸೇರಿದ ಪಾಲಿಸಿ) ಬಾಂಡ್, ಇಬ್ಬರ ಆಫೀಸಿನ ಗ್ರೂಪ್ ಪಾಲಿಸಿಯ ಎರಡು ಕಾರ್ಡು, ಮನೆ ಸಾಲದ ಜೊತೆಗೆ ಅಂಟಿಕೊಂಡು ಬಂದ ಇನ್ನೊಂದು ಪಾಲಿಸಿ. ನಾಲ್ಕಿದ್ದವು, ಒಂದನ್ನೂ ಪೂರ್ತಿ ಓದಿರಲಿಲ್ಲ. ಅಲ್ಲಿಂದ ಸುಮಾರು ಒಂದು ವರ್ಷ ನಾನೂ ನಮ್ಮ ಯಜಮಾನರೂ ಇವನ್ನು ಒಂದಕ್ಕೊಂದು ಹೋಲಿಸಿ, ಕೆಲವನ್ನು ಹೊಸದಾಗಿ ಕೊಂಡು, ಒಂದನ್ನು ನಿಲ್ಲಿಸಿ, ಒಂದೆರಡು ಕಡೆ ಬೇಸ್ತು ಬಿದ್ದೆವು. ಮೊದಮೊದಲು ಎಲ್ಲರ ಹಾಗೆ ಪ್ರೀಮಿಯಂ ಹೋಲಿಸುತ್ತಿದ್ದೆವು. ಹೊಟ್ಟೆಯಲ್ಲಿ ಮಗು ಇರುವಾಗ ಮೊದಲು ನೋಡಬೇಕಾದ್ದು ತಾರೀಕು, ಯಾವ ಪಾಲಿಸಿ ಯಾವತ್ತಿಂದ ಬಾಗಿಲು ತೆಗೆಯುತ್ತೆ ಅನ್ನೋದು, ಎಂದು ತಿಳಿಯುವ ಹೊತ್ತಿಗೆ ಒಂದು ಗಡುವು ಕೈತಪ್ಪಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಆಫೀಸಿನ ಗ್ರೂಪ್ ಪಾಲಿಸಿಯೋ, ಸ್ವಂತದ ಫ್ಯಾಮಿಲಿ ಫ್ಲೋಟರೋ

ಮೊದಲು ವಿಚಾರಿಸಿದ್ದು ಸ್ವಂತದ ಆರೋಗ್ಯ ವಿಮೆ, ಇಡೀ ಮನೆಯವರು ಒಂದೇ ಮೊತ್ತವನ್ನು ಹಂಚಿಕೊಳ್ಳುವ ಫ್ಯಾಮಿಲಿ ಫ್ಲೋಟರ್. ಏಜೆಂಟ್ ಫೋನಿನಲ್ಲಿ, “ಹೆರಿಗೆ ಕವರ್ ಆಗುತ್ತೆ ಮೇಡಂ, ಅದಕ್ಕೇ ಎಲ್ಲರೂ ಇದನ್ನೇ ತಗೊಳ್ಳೋದು” ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಪಾಲಿಸಿಯ ನಿಯಮಗಳ ಪುಸ್ತಕ ತರಿಸಿ ಓದಿದರೆ ಹೆರಿಗೆಯ ಸಾಲಿನ ಪಕ್ಕದಲ್ಲೇ 24 ತಿಂಗಳ ವೇಟಿಂಗ್ ಪೀರಿಯಡ್. ನನಗೆ ಉಳಿದಿದ್ದು 29 ವಾರ, ಅವರು ಕೇಳುವುದು 104 ವಾರ. ಆ ಸೌಲಭ್ಯ ನನಗೆ ತೆರೆಯುವ ಹೊತ್ತಿಗೆ ಮಗು ಒಂದೂವರೆ ವರ್ಷದ ಹತ್ತಿರ ಬಂದು ಮನೆಯೆಲ್ಲ ಓಡಾಡಿಕೊಂಡಿರುತ್ತೆ. ಇಂಥ ಕಾಯುವ ಅವಧಿ ಒಂದೊಂದು ಪಾಲಿಸಿಯಲ್ಲಿ ಒಂದೊಂದು ಥರ. ಆದರೆ ಲೆಕ್ಕ ಸರಳ: ಒಂಬತ್ತು ತಿಂಗಳಿದ್ದರೂ ಬಸಿರು ಖಚಿತವಾದ ಮೇಲೆ ಕೊಂಡವರಿಗೆ ಆ ಹೆರಿಗೆಗೆ ಸಿಗುವುದಿಲ್ಲ.

ಹಾಗಾಗಿ ಹೆರಿಗೆಯ ಮಟ್ಟಿಗೆ ಪೈಪೋಟಿ ಉಳಿದಿದ್ದು ನನ್ನ ಆಫೀಸಿನ ಗ್ರೂಪ್ ಪಾಲಿಸಿಗೂ ಇವರ ಆಫೀಸಿನದಕ್ಕೂ. ಎರಡರಲ್ಲೂ ಕಾಯುವ ಅವಧಿ ಇರಲಿಲ್ಲ. ಎರಡರಲ್ಲೂ ಹೆರಿಗೆಗೆ ಒಳಮಿತಿ ಇತ್ತು, ಅಂದರೆ ಒಟ್ಟು ಕವರ್ ಎಷ್ಟೇ ಇರಲಿ, ಹೆರಿಗೆಗೆ ಅಂತ ಕೊಡುವುದು ಅದರಲ್ಲೊಂದು ಸಣ್ಣ ಪಾಲು, ಸಿಸೇರಿಯನ್ ಆದರೆ ಸ್ವಲ್ಪ ಹೆಚ್ಚು. ನನ್ನದರ ಒಳಮಿತಿ ಇವರದಕ್ಕಿಂತ ಒಂದೂವರೆ ಪಟ್ಟು. ಹಾಗಾದರೆ ನನ್ನದೇ ಗೆದ್ದಿತು ಎಂದು ಫೈಲ್ ಮುಚ್ಚುವವಳಿದ್ದೆ. ಆಗ ಎರಡು ಮಕ್ಕಳ ತಾಯಿಯಾದ ನನ್ನ ಸಹೋದ್ಯೋಗಿ, “ಹೆರಿಗೆ ಖರ್ಚು ಬಿಡು, ಮಗು ಖರ್ಚು ಯಾವ ಲೆಕ್ಕಕ್ಕೆ ಬರುತ್ತೆ ಕೇಳಿದ್ಯಾ?” ಎಂದಳು.

ಇಬ್ಬರ ಎಚ್‌ಆರ್‌ಗೂ ಒಂದೇ ಇಮೇಲ್ ಹಾಕಿದೆವು. ಹುಟ್ಟಿದ ಮಗುವನ್ನು ಎನ್‌ಐಸಿಯುಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸೇರಿಸಬೇಕಾದರೆ ಆ ಬಿಲ್ ಹೆರಿಗೆಯ ಒಳಮಿತಿಯಲ್ಲಿ ಸೇರುತ್ತೋ, ಕುಟುಂಬದ ಒಟ್ಟು ಕವರ್‌ನಲ್ಲೋ? ಮಗು ಎಷ್ಟನೇ ದಿನದಿಂದ ಪಾಲಿಸಿಯೊಳಗೆ? ಹೆಸರು ಸೇರಿಸಲು ಗಡುವು ಎಷ್ಟು? ಉತ್ತರ ಬಂದಾಗ ತಕ್ಕಡಿ ತಿರುಗಿತು. ನನ್ನ ಪಾಲಿಸಿಯಲ್ಲಿ ಮಗುವಿನ ಖರ್ಚೂ ಅದೇ ಒಳಮಿತಿಯಲ್ಲಿ. ಇವರದರಲ್ಲಿ ಮಗು ಮೊದಲ ದಿನದಿಂದಲೇ ಪೂರ್ತಿ ಕವರ್‌ಗೆ ಅರ್ಹ, ಆದರೆ 30 ದಿನದೊಳಗೆ ಹೆಸರು ಸೇರಿಸಬೇಕು. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ವಾರಗಟ್ಟಲೆ ಐಸಿಯು ಬೇಕಾಗಬಹುದು, ಆ ಬಿಲ್ಲಿನ ಮುಂದೆ ಹೆರಿಗೆಯ ಬಿಲ್ ಏನೂ ಅಲ್ಲ. ಕೊನೆಗೆ ಹೆರಿಗೆ ನನ್ನ ಪಾಲಿಸಿಯಲ್ಲಿ, ಮಗು ಇವರ ಪಾಲಿಸಿಯಲ್ಲಿ ಎಂದು ಹಂಚಿಕೊಂಡೆವು. ಎರಡನ್ನೂ ಹೀಗೆ ಬಳಸಬಹುದಾ ಅಂತ ಎರಡೂ ಕಡೆಯಿಂದ ಬರಹದಲ್ಲಿ ತರಿಸಿಕೊಂಡೆವು.

ನಡೆದದ್ದೂ ಹಾಗೇ. ಸಿಸೇರಿಯನ್ ಆಯಿತು, ನನ್ನ ಒಳಮಿತಿ ಬಿಲ್ಲಿನ ಮುಕ್ಕಾಲು ಪಾಲು ಹೊತ್ತಿತು. ಮೂರನೇ ದಿನ ಮಗಳಿಗೆ ಕಾಮಾಲೆ ಹೆಚ್ಚಿ, ಕಣ್ಣಿಗೆ ಪಟ್ಟಿ ಕಟ್ಟಿ ಎರಡು ದಿನ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಆ ಬಿಲ್ ಇವರ ಪಾಲಿಸಿಗೆ. ಫಾರ್ಮಿನಲ್ಲಿ ಹೆಸರಿನ ಜಾಗಕ್ಕೆ ಏನು ಬರೆಯೋದು? ನಾವಿನ್ನೂ ಹೆಸರೇ ಇಟ್ಟಿರಲಿಲ್ಲ. ‘ಬೇಬಿ ಆಫ್’ ಅಂತ ಬರೆದು ಮುಂದೆ ನನ್ನ ಹೆಸರು ಹಾಕಿದರು. ಜನನ ಪ್ರಮಾಣಪತ್ರಕ್ಕೆ ಕಾಯುತ್ತ ಕೂತ ನಮಗೆ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯೇ ಸಾಕು ಅಂತ ಗೊತ್ತಾಗಿದ್ದು 26ನೇ ದಿನ. ಇನ್ನು ನಾಲ್ಕು ದಿನ ಕಳೆದಿದ್ದರೆ ಮುಂದಿನ ನವೀಕರಣದವರೆಗೂ ಮಗಳು ಪಾಲಿಸಿಯ ಹೊರಗೇ ಇರುತ್ತಿದ್ದಳು.

ಹಾಗಂತ ಸ್ವಂತದ ಫ್ಲೋಟರ್ ಬೇಡವಾಯಿತಾ? ಇಲ್ಲ, ಆರನೇ ತಿಂಗಳಲ್ಲಿ ಅದನ್ನೂ ಕೊಂಡೆವು. ಆಫೀಸಿನ ಪಾಲಿಸಿ ಆಫೀಸಿನ ಐಡಿ ಕಾರ್ಡ್ ಇದ್ದ ಹಾಗೆ, ಕೆಲಸ ಬಿಟ್ಟ ದಿನ ವಾಪಸ್ಸು ಕೊಡಬೇಕು. ಮಗು ಬಂದ ಮೇಲೆ ಇಬ್ಬರಲ್ಲೊಬ್ಬರು ಕೆಲಸ ಬಿಡುವ ಮಾತು ಯಾವ ಮನೆಯಲ್ಲೂ ಏಳುವಂಥದ್ದೇ. ಸ್ವಂತದ್ದರಲ್ಲಿ ಕಾಯುವ ಗಡಿಯಾರ ಎಷ್ಟು ಬೇಗ ಶುರುವಾದರೆ ಅಷ್ಟು ಬೇಗ ಮುಗಿಯುತ್ತೆ. ಪ್ರೀಮಿಯಂ ಭಾರ ಅನ್ನಿಸಿ ಟಾಪ್ ಅಪ್ ಪಾಲಿಸಿಯನ್ನೂ ನೋಡಿದ್ದೆವು. ಬಿಲ್ ಒಂದು ಮಟ್ಟ ದಾಟಿದ ಮೇಲಷ್ಟೇ ಕೊಡುವುದರಿಂದ ಅದು ಅಗ್ಗ. ಆದರೆ ಆ ಮಟ್ಟದವರೆಗಿನ ಖರ್ಚನ್ನು ಹೊರಲು ಕೆಳಗೊಂದು ಪಾಲಿಸಿ ಇರಬೇಕು, ಆಫೀಸಿನದ್ದು ಹೋದರೆ ಅದಕ್ಕೆ ನೆಲವೇ ಇಲ್ಲ. ಸಣ್ಣ ಮೊತ್ತದ ಫ್ಲೋಟರ್ ಮತ್ತು ಅದರ ಮೇಲೆ ಟಾಪ್ ಅಪ್, ಇದು ನಮಗೆ ಒಗ್ಗಿತು. ಮಗಳನ್ನು ಆ ಫ್ಲೋಟರಿಗೆ ಸೇರಿಸಿಕೊಂಡಿದ್ದು 90 ದಿನ ಕಳೆದ ಮೇಲೆ.

ಟರ್ಮ್, ಎಂಡೋಮೆಂಟ್, ಮಕ್ಕಳ ಪ್ಲಾನ್

ಜೀವ ವಿಮೆಯಲ್ಲಿ ನಾವು ಹಾಕಿಕೊಂಡ ಅಳತೆ ಒಂದೇ: ನಾಳೆ ಒಬ್ಬರ ದುಡಿಮೆ ನಿಂತರೆ ಈ ಹಣದಲ್ಲಿ ಮನೆ ಎಷ್ಟು ತಿಂಗಳು ನಡೆಯುತ್ತೆ? ಏಳು ವರ್ಷ ಕಟ್ಟಿದ ನನ್ನ ಎಂಡೋಮೆಂಟಿನ ಮೊತ್ತವನ್ನು ಮನೆಯ ತಿಂಗಳ ಖರ್ಚಿನಿಂದ ಭಾಗಿಸಿದರೆ ಬಂದಿದ್ದು 14 ತಿಂಗಳು. ಮಗು ತನ್ನ ಕಾಲ ಮೇಲೆ ನಿಲ್ಲಲು ಇಪ್ಪತ್ತು ವರ್ಷಕ್ಕೆ ಮೇಲೇ ಬೇಕು. ಅದೇ ಪ್ರೀಮಿಯಂಗೆ ಟರ್ಮ್ ಪಾಲಿಸಿಯಲ್ಲಿ ಹತ್ತಾರು ಪಟ್ಟು ಕವರ್ ಸಿಗುತ್ತಿತ್ತು. ಬದುಕಿ ಉಳಿದರೆ ಒಂದು ಪೈಸೆಯೂ ವಾಪಸ್ ಬರಲ್ಲ ಅನ್ನೋದೇ ಅದರ ಅಗ್ಗದ ಗುಟ್ಟು. ನಮ್ಮ ಮಾವನವರಿಗೆ ಈ ಮಾತು ಜೀರ್ಣವಾಗಲಿಲ್ಲ, “ಕಟ್ಟಿದ ದುಡ್ಡು ನೀರಲ್ಲಿ ಹಾಕಿದ ಹಾಗಲ್ವೇನಮ್ಮಾ?” ಎಂದು ಎರಡು ಸಲ ಕೇಳಿದರು. ವಾಹನದ ವಿಮೆಯ ದುಡ್ಡು ಪ್ರತಿ ವರ್ಷ ನೀರಿಗೇ ಹೋಗುತ್ತೆ, ಅದನ್ನು ಯಾರೂ ಕೇಳುವುದಿಲ್ಲ.

ಮಕ್ಕಳ ಪ್ಲಾನ್ ಮಾತ್ರ ನನ್ನನ್ನು ಒಂದು ವಾರ ಆಡಿಸಿತು. ಅದರಲ್ಲೊಂದು ನಿಜವಾದ ಗುಣ ಇದೆ: ಪಾಲಿಸಿ ಮಾಡಿಸಿದ ಅಪ್ಪನೋ ಅಮ್ಮನೋ ತೀರಿಕೊಂಡರೆ ಮುಂದಿನ ಪ್ರೀಮಿಯಂ ಮನ್ನಾ ಆಗಿ, ಪಾಲಿಸಿ ಮಾತ್ರ ನಡೆದು, ಹೇಳಿದ ವಯಸ್ಸಿಗೆ ಮಗುವಿಗೆ ಹಣ ಬರುತ್ತೆ. ಏಜೆಂಟ್ ಕೊಟ್ಟ ಕೋಷ್ಟಕವನ್ನು ಎಕ್ಸೆಲ್‌ಗೆ ಹಾಕಿದೆವು. ವರ್ಷವರ್ಷ ಕಟ್ಟುವುದಕ್ಕೆ ಮೈನಸ್, ಕೊನೆಗೆ ಬರುವುದಕ್ಕೆ ಪ್ಲಸ್, ಕೆಳಗೆ ಐಆರ್‌ಆರ್ ಸೂತ್ರ, ಅಂದರೆ ಕಟ್ಟಿದ ಹಣ ವರ್ಷಕ್ಕೆ ಶೇಕಡಾ ಎಷ್ಟರಂತೆ ಬೆಳೆಯಿತು ಅನ್ನೋ ಲೆಕ್ಕ. ಬಂದಿದ್ದು ಶೇಕಡಾ 5ಕ್ಕಿಂತ ತುಸು ಮೇಲೆ. ಓದಿನ ಖರ್ಚು ವರ್ಷಕ್ಕೆ ಶೇಕಡಾ 6ರಂತೆ ಏರಿದರೂ 12 ವರ್ಷಕ್ಕೆ ದುಪ್ಪಟ್ಟು, 18 ವರ್ಷಕ್ಕೆ 2.85 ಪಟ್ಟು. ಶೇಕಡಾ 5ರಲ್ಲಿ ಬೆಳೆದ ಹಣ ಅಷ್ಟರಲ್ಲಿ 2.4 ಪಟ್ಟು ದಾಟುತ್ತೆ, ಅಷ್ಟೇ. ಟರ್ಮ್ ಒಂದು ಕಡೆ, ಉಳಿತಾಯ ಇನ್ನೊಂದು ಕಡೆ ಎಂದು ಬೇರೆ ಮಾಡಿದೆವು.

ಹಳೆಯ ಎಂಡೋಮೆಂಟನ್ನು ಏನು ಮಾಡೋದು? ಸರೆಂಡರ್ ಮಾಡಿದರೆ, ಅಂದರೆ ನಡುವೆಯೇ ಮುಚ್ಚಿದರೆ, ಕಟ್ಟಿದಷ್ಟೂ ವಾಪಸ್ ಬರುತ್ತಿರಲಿಲ್ಲ. ಮುಂದುವರಿಸಿದರೆ ಇನ್ನೂ 13 ವರ್ಷ ಅದೇ ಭಾರ. ನಡುವಿನ ದಾರಿ ಪೇಯ್ಡ್ ಅಪ್: ಕಟ್ಟುವುದನ್ನು ನಿಲ್ಲಿಸಿ, 20ರಲ್ಲಿ 7 ಕಂತಿನ ಲೆಕ್ಕಕ್ಕೆ ವಿಮಾ ಮೊತ್ತವನ್ನು ಶೇಕಡಾ 35ಕ್ಕೆ ಇಳಿಸಿಕೊಂಡು ಅವಧಿ ಮುಗಿಯುವವರೆಗೆ ಬಿಡೋದು. ನಾನು ಅದನ್ನೇ ಆರಿಸಿದೆ, ಆದರೆ ಇವರ ಟರ್ಮ್ ಪಾಲಿಸಿ ಕೈಗೆ ಬಂದ ಮೇಲೆ. ಹೊಸದು ಜಾರಿಯಾಗುವ ಮುಂಚೆ ಹಳೆಯದನ್ನು ಇಳಿಸಿದರೆ ನಡುವಿನ ದಿನಗಳಿಗೆ ಯಾರು ಹೊಣೆ?

ಸಾಲದ ಜೊತೆ ಬಂದ ಪಾಲಿಸಿಯದು ಎರಡು ಮಾತಿನ ವಿಷಯ. ಸಾಲ ಇಳಿದ ಹಾಗೆ ಅದರ ಕವರ್ ಕೂಡ ಇಳಿಯುತ್ತೆ, ಕ್ಲೈಮ್ ಹಣ ಮೊದಲು ಹೋಗುವುದು ಸಾಲ ಕೊಟ್ಟವರಿಗೆ. ಮನೆ ಉಳಿಯುತ್ತೆ, ಮನೆ ನಡೆಸುವ ದುಡ್ಡು ಅದರಲ್ಲಿಲ್ಲ. ಅದನ್ನು ಹಾಗೇ ಬಿಟ್ಟು, ಇವರ ಟರ್ಮ್ ಮೊತ್ತವನ್ನು ಸಾಲ ಸೇರಿಸದೆ ಲೆಕ್ಕ ಹಾಕಿದೆವು.

ಯಾರ ಹೆಸರಿನಲ್ಲಿ

ಇಲ್ಲೇ ನಾವು ಎಡವಿದ್ದು. ಹೋಲಿಸಿದ್ದೆಲ್ಲ ಇವರ ಜೀವ ವಿಮೆಯನ್ನೇ. ಇವರ ಸಂಬಳ ಹೆಚ್ಚು, ಅದಕ್ಕೆ ಇವರದ್ದು ಮೊದಲು, ನನ್ನದು ‘ಆಮೇಲೆ ನೋಡೋಣ’. ಇವರ ಅರ್ಜಿ ಎರಡೇ ವಾರದಲ್ಲಿ ಮುಗಿಯಿತು. ನನ್ನ ಅರ್ಜಿ ತುಂಬಲು ಕೂತಿದ್ದು 30ನೇ ವಾರದಲ್ಲಿ. ಮೂರನೇ ಪುಟದಲ್ಲಿ ಪ್ರಶ್ನೆ: ಗರ್ಭಿಣಿಯೇ? ಎಷ್ಟು ವಾರ? ಯಾವುದಾದರೂ ತೊಡಕು? ಅಷ್ಟರಲ್ಲಿ ನನಗೆ ಗರ್ಭಾವಸ್ಥೆಯ ಸಕ್ಕರೆ ಕಾಣಿಸಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆದೆ, ಮುಚ್ಚಿಟ್ಟು ಪಡೆದ ಪಾಲಿಸಿ ಕ್ಲೈಮಿನ ದಿನ ಬರೀ ಕಾಗದವಾಗಬಹುದು. ಹತ್ತು ದಿನಕ್ಕೆ ಉತ್ತರ ಬಂತು: ಅರ್ಜಿ ಮುಂದೂಡಲಾಗಿದೆ, ಹೆರಿಗೆಯಾದ ಮೇಲೆ ಹೊಸ ರಕ್ತ ಪರೀಕ್ಷೆಯ ಜೊತೆ ಬನ್ನಿ. ಹನ್ನೊಂದನೇ ವಾರದಲ್ಲಿ ಇಬ್ಬರೂ ಒಟ್ಟಿಗೆ ಹಾಕಿದ್ದರೆ ನನ್ನಲ್ಲಿ ಬರೆಯಲು ಸಕ್ಕರೆಯೇ ಇರಲಿಲ್ಲ. ಬಸಿರು, ಹೆರಿಗೆ, ಬಾಣಂತನದ ಅಷ್ಟೂ ತಿಂಗಳು ನನ್ನ ಹೆಸರಿಗಿದ್ದದ್ದು ಎಂಡೋಮೆಂಟಿನ ಶೇಕಡಾ 35 ಮತ್ತು ಆಫೀಸಿನ ಸಣ್ಣದೊಂದು ಗ್ರೂಪ್ ಕವರ್. ಎಂಡೋಮೆಂಟನ್ನು ಅಷ್ಟು ಅವಸರದಲ್ಲಿ ಪೇಯ್ಡ್ ಅಪ್ ಮಾಡಿದ್ದಕ್ಕೆ ಆಗ ಕೈ ಕೈ ಹಿಸುಕಿಕೊಂಡೆ. ನನ್ನ ಟರ್ಮ್ ಬಂದ ಮೇಲೆ ಅದನ್ನು ಇಳಿಸಬೇಕಿತ್ತು, ನಾನು ಕಾದಿದ್ದು ಇವರದಕ್ಕೆ.

ನನಗೆಷ್ಟು ಕವರ್ ಬೇಕು ಅಂತ ಸಂಬಳದಿಂದ ಲೆಕ್ಕ ಹಾಕುವುದನ್ನೂ ಬಿಟ್ಟೆವು. ಒಂದು ಭಾನುವಾರ ನಾನು ಮನೆಯಲ್ಲಿ ಮಾಡುವ ಕೆಲಸವನ್ನೆಲ್ಲ ಇವರೇ ಪಟ್ಟಿ ಮಾಡಿ, ಒಂದೊಂದಕ್ಕೂ ಸಂಬಳ ಕೊಟ್ಟು ಜನ ಇಟ್ಟರೆ ಎಷ್ಟಾಗುತ್ತೆ ಎಂದು ಕೂಡಿಸಿದರು. ಮಗು ನೋಡಿಕೊಳ್ಳುವುದೊಂದೇ ಸಾಲು ಉಳಿದೆಲ್ಲವನ್ನೂ ಮೀರಿತು. ಹೊರಗೆ ದುಡಿಯದ ತಾಯಿಯ ಹೆಸರಿಗೂ ಈ ಲೆಕ್ಕ ಇಷ್ಟೇ ಇರುತ್ತೆ.

ನಾಮಿನಿಯ ವಿಷಯ ಬೇಗ ಮುಗಿಯಿತು, ನಗುವೂ ಬಂತು. ನನ್ನ ಎಂಡೋಮೆಂಟಿನಲ್ಲಿ ಮದುವೆಗೆ ಮುಂಚಿನ ಹೆಸರು, ನಾಮಿನಿ ಅಪ್ಪ. ಮಗಳನ್ನೇ ಹಾಕೋಣ ಎಂದುಕೊಂಡೆವು, ಆದರೆ ಅಪ್ರಾಪ್ತ ವಯಸ್ಸಿನ ನಾಮಿನಿಯ ಪರವಾಗಿ ಹಣ ಪಡೆಯಲು ಇನ್ನೊಬ್ಬ ದೊಡ್ಡವರ ಹೆಸರು ಕೊಡಬೇಕಿತ್ತು. ಆ ದೊಡ್ಡವರು ಹೇಗೂ ಇವರೇ ಆಗುವುದಿದ್ದರೆ ನೇರವಾಗಿ ಇವರನ್ನೇ ಹಾಕಿದ್ದು ಸುಲಭವಾಯಿತು.

ಹೆರಿಗೆಯಾಗಿ ಮೂರು ತಿಂಗಳಿಗೆ ಸಕ್ಕರೆ ಮಾಮೂಲಿಗೆ ಬಂತು, ಮತ್ತೆ ಅರ್ಜಿ ಹಾಕಿದೆ. ಪ್ರೀಮಿಯಂ ಸ್ವಲ್ಪ ಹೆಚ್ಚಿಸಿಯೇ ಕೊಟ್ಟರು, ತಗೊಂಡೆ. ಇವರ ಆಫೀಸಿನ ಆರೋಗ್ಯ ಕಾರ್ಡ್‌ನಲ್ಲಿ ಮಗಳು ಇನ್ನೂ ‘ಬೇಬಿ ಆಫ್’ ಆಗಿಯೇ ಇದ್ದಾಳೆ. ಹೆಸರು ತಿದ್ದಿಸಲು ಅರ್ಜಿ ಕೊಟ್ಟು ಮೂರು ವಾರವಾಯಿತು.